ಆಟ ತೀರಿದ ಮೇಲೆ ಉಳಿಯುವುದೇನು?

ಕುರುಗೋಡಿನ ಭಕ್ತರೊಬ್ಬರ ಮನೆಗೆ ನಾವು ಒಂದು ಸಂಜೆ ಹೋಗಿದ್ದೆವು. ಮನೆಯ ಹಿರಿಯರು ಲಿಂಗಪೂಜೆಯನ್ನು ಮುಗಿಸಿ ಬಂದು ನಮ್ಮ ಪಕ್ಕದಲ್ಲಿ ಕುಳಿತರು. ಪ್ರಸಾದವಾಯಿತು. ಪಡಸಾಲೆಯ ಮೂಲೆಯಲ್ಲಿ ಪಿ.ಯು.ಸಿ. ಓದುತ್ತಿರುವ ಮೊಮ್ಮಗ ಗೋಡೆಗೆ ಒರಗಿ ಮೊಬೈಲಿನಲ್ಲಿ ಮಗ್ನನಾಗಿದ್ದನು. ಸ್ವಲ್ಪ ಹೊತ್ತಿಗೆ ಅವನು ಅದನ್ನು ಚಾಪೆಯ ಮೇಲೆ ಬೋರಲು ಹಾಕಿ, ಯಾರಿಗೆಂದಿಲ್ಲದೆ, "ಇದರಾಗ ಮಾಡಾಕ ಏನೂ ಉಳಿದಿಲ್ಲ" ಎಂದನು.

ಅಡುಗೆಮನೆಯಿಂದಲೇ ಅವನ ತಾಯಿ, "ಉಳಿದಿಲ್ಲಂದ್ರ ಚಲೋ ಆತು, ಬಿಟ್ಟು ಓದಿಕೋ" ಎಂದರು. ಆದರೆ ಎರಡು ನಿಮಿಷ ಕಳೆಯುವುದರೊಳಗೆ ಅವನ ಕೈ ಮತ್ತೆ ಅದೇ ಮೊಬೈಲನ್ನು ಎತ್ತಿಕೊಂಡಿತು. ಮಾಡಲು ಏನೂ ಉಳಿದಿಲ್ಲ, ಆದರೂ ಬಿಡಲಾಗುತ್ತಿಲ್ಲ. ಇದನ್ನು ಕಂಡ ಅಜ್ಜನವರು ನಗುತ್ತ, "ಬ್ಯಾಸರಾದ ಮ್ಯಾಲೆ ಅದನ್ನ ಯಾಕ ಹಿಡೀತಿಯೋ ತಮ್ಮಾ?" ಎಂದು ಕೇಳಿದರು. ಹುಡುಗನು ತಲೆಯೆತ್ತಿ ನೋಡಿದನು. ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ, ನಿಜವಾದ ಕುತೂಹಲವಿತ್ತು. "ತಾತಾ, ನೀವೂ ದಿನಾ ಅದ ಪೂಜಿ ಮಾಡ್ತೀರಲ್ಲ, ನಿಮಗ ಬ್ಯಾಸರ ಬರಂಗಿಲ್ಲೇನು?"

ಪಡಸಾಲೆ ಒಂದು ಕ್ಷಣ ಮೌನವಾಯಿತು. ತಾಯಿ ಗದರಿಸಲು ಹೊರಟರು. ಅಜ್ಜನವರು ಕೈಸನ್ನೆಯಿಂದ ತಡೆದರು. ಆದರೆ ಉತ್ತರವನ್ನು ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಹೇಳಬಹುದಾದ ಸಿದ್ಧ ಉತ್ತರಗಳು ನಮ್ಮಲ್ಲಿ ಹಲವಾರು ಇದ್ದವು; ಅವುಗಳಲ್ಲಿ ಒಂದೂ ಆ ಹುಡುಗನ ಪ್ರಶ್ನೆಗೆ ತಕ್ಕುದೆಂದು ನಮಗೆ ತೋರಲಿಲ್ಲ. ಅವನ ಆಟವನ್ನು ಅರಿಯದೆ ಅವನ ಬೇಸರವನ್ನು ಅರಿಯುವುದು ಹೇಗೆ? ಆದುದರಿಂದ ಮೊದಲು ಅದನ್ನು ತಿಳಿಯಲು ಹೊರಟೆವು.

ಮುಗಿಯದಂತೆ ಕಟ್ಟಿದ ಆಟ

ನಮ್ಮ ಹಿರಿಯರ ಕಾಲದ ಆಟಗಳಿಗೆ ಒಂದು ಕೊನೆಯಿತ್ತು. ಚೌಕಾಬಾರದ ಕಾಯಿಗಳೆಲ್ಲ ನಡುಮನೆಯಲ್ಲಿ ಹಣ್ಣಾದರೆ ಆಟ ತೀರಿತು; ಕವಡೆಗಳು ಚೀಲ ಸೇರಿದವು. ಹುಲಿ-ಕುರಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕಿದರೆ ಮುಗಿಯಿತು. ಹಂಪೆಯ ಗುಡಿಗಳ ಕಲ್ಲುಹಾಸಿನ ಮೇಲೆ ಇಂತಹ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಆಡಿದವರು ಎದ್ದುಹೋದರು, ಕಲ್ಲಿನ ಮನೆಗಳು ಯಾರನ್ನೂ ಹಿಂದಕ್ಕೆ ಕರೆಯಲಿಲ್ಲ.

ಇಂದಿನ ಮೊಬೈಲ್ ಆಟದ ಕ್ರಮವೇ ಬೇರೆ. ಆ ಹುಡುಗನು ಆಡುತ್ತಿದ್ದುದು ನಮ್ಮ ನಾಡಿನ ಅನೇಕ ಮನೆಗಳಿಗೆ ಪರಿಚಿತವಾದ ಪಬ್‌ಜಿ ಆಟದ ಭಾರತೀಯ ರೂಪ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಅಲ್ಲಲ್ಲಿ ಬಿದ್ದಿರುವ ಬಂದೂಕು, ಕವಚ, ಔಷಧಿಗಳನ್ನು ಆಯ್ದುಕೊಳ್ಳುತ್ತಾರೆ. ಸುತ್ತಲಿನ ಗೆರೆ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನೇ, ಅಥವಾ ಉಳಿದ ತಂಡವೇ ಗೆದ್ದಂತೆ. ಅರ್ಧ ಗಂಟೆಯಲ್ಲಿ ಒಂದು ಆಟ ತೀರುತ್ತದೆ. ಆದರೆ ಅದರ ಮೇಲೆ ಇನ್ನೊಂದು ಏಣಿಯಿದೆ. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ, ಕ್ರೌನ್, ಏಸ್ ಎಂದು ಮೆಟ್ಟಿಲುಗಳು. ತುದಿಯಲ್ಲಿ 'ಕಾಂಕರರ್', ಎಂದರೆ ದಿಗ್ವಿಜಯಿ. ಕೆಲವು ವಾರಗಳ ಒಂದು 'ಸೀಸನ್' ಮುಗಿದೊಡನೆ ಏರಿದವರನ್ನು ಕೆಲವು ಮೆಟ್ಟಿಲು ಕೆಳಗಿಳಿಸಿ ಮತ್ತೆ ಏರಲು ಬಿಡುತ್ತಾರೆ. ಬೆಟ್ಟದ ತುದಿ ಸೇರಿದವನನ್ನು ಅರ್ಧ ದಾರಿಗೆ ತಂದು ನಿಲ್ಲಿಸಿ, 'ಇನ್ನೊಮ್ಮೆ ಹತ್ತು' ಎಂದಂತೆ.

ಹೀಗೇಕೆ? ಈ ಆಟ ಆಡಲು ಹಣ ಕೊಡಬೇಕಾಗಿಲ್ಲ. ಆಟದೊಳಗಿನ ಉಡುಪು, ಬಂದೂಕಿನ ಬಣ್ಣ, ಸೀಸನ್ನಿನ ಪಾಸುಗಳನ್ನು ಮಾರಿ ಕಂಪನಿಗಳು ಆದಾಯ ಗಳಿಸುತ್ತವೆ. ಆಟಗಾರನು ಎದ್ದುಹೋದರೆ ಅಂಗಡಿಗೆ ಗಿರಾಕಿಯಿಲ್ಲ. ಆದುದರಿಂದ ಆಟ ತೀರಬಾರದು.

ಆದರೂ ಒಮ್ಮೆ ಅದು ನಿಜವಾಗಿ ತೀರಿತ್ತು. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರ್ 2ರಂದು ಇತರ 117 ಆ್ಯಪ್‌ಗಳೊಡನೆ ನಿಷೇಧಿಸಿತು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಅದರ ಬಾಗಿಲು ಪೂರ್ತಿ ಮುಚ್ಚಿತು. 2021ರ ಜುಲೈ 2ರಂದು ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ಬಂದಿತು. ಹಳೆಯ ಸಂಪಾದನೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲೂ ಅವಕಾಶವಿತ್ತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ಹಿಂದಿರುಗಿತು. ವರ್ಷಗಟ್ಟಲೆ ಕೂಡಿಸಿಟ್ಟ ಪದವಿ, ಉಡುಪುಗಳ ಬೀಗದ ಕೈ ಆಟಗಾರನ ಬಳಿಯಲ್ಲಿ ಎಂದೂ ಇರಲಿಲ್ಲವೆಂಬುದನ್ನು ಈ ಬರಹೋಗುಗಳೇ ತೋರಿಸಿಕೊಟ್ಟವು.

ಮೊದಲಿಗರು ಕಂಡುಕೊಂಡ ಉತ್ತರ

ಬಹುಮಂದಿ ಒಟ್ಟಿಗೆ ಆಡುವ ಕಂಪ್ಯೂಟರ್ ಆಟದ ಇತಿಹಾಸವನ್ನು ನೋಡಿದರೆ ಈ ಬೇಸರ ಹೊಸದಲ್ಲವೆಂದು ತಿಳಿಯುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಎಂಬಾತನು 'ಮಡ್' ಎಂಬ ಆಟವನ್ನು ಬರೆಯಲಾರಂಭಿಸಿದನು. ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅದರಲ್ಲಿ ಚಿತ್ರಗಳಿರಲಿಲ್ಲ, ಬರಿಯ ಅಕ್ಷರಗಳು. ಅಂಕಗಳನ್ನು ಗಳಿಸುತ್ತ ಹೋದ ಆಟಗಾರನು ಕೊನೆಗೆ 'ವಿಜರ್ಡ್', ಎಂದರೆ ಮಾಂತ್ರಿಕನಾಗುತ್ತಿದ್ದನು. ಅಲ್ಲಿಗೆ ಅವನ ಗಳಿಕೆ ಮುಗಿಯುತ್ತಿತ್ತು. ಆದರೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಆ ಲೋಕದ ಮೇಲೆ ಅವನಿಗೆ ವಿಶೇಷ ಅಧಿಕಾರ ದೊರೆಯುತ್ತಿತ್ತು. ಇತರರ ಆಟವನ್ನು ನೋಡಿಕೊಳ್ಳುವ, ನಡೆಸಿಕೊಡುವ ಹೊಣೆ ಅವನ ಪಾಲಿಗೆ ಬರುತ್ತಿತ್ತು. ಆಡುವವನು ಆಡಿಸುವವನಾಗುತ್ತಿದ್ದನು.

ಮುಂದೆ ಆಟವು ದೊಡ್ಡ ವ್ಯಾಪಾರವಾದಾಗ ಬೇರೊಂದು ಉತ್ತರವನ್ನು ಕಂಡುಕೊಂಡರು. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಏರಬಹುದಾದ ಮಟ್ಟ 60 ಆಗಿತ್ತು. ಅಲ್ಲಿಗೆ ತಲುಪಿದ ಅನೇಕರು 'ಇನ್ನೇನು ಮಾಡುವುದು?' ಎಂದರು. 2007ರ ಜನವರಿಯಲ್ಲಿ ಬಂದ ಹೊಸ ಭಾಗವು ಅದನ್ನು 70ಕ್ಕೆ ಏರಿಸಿತು; 2008ರ ನವೆಂಬರಿನಲ್ಲಿ ಅದು 80 ಆಯಿತು. ಹೊಸ ಊರು, ಹೊಸ ಶತ್ರು, ಹೊಸ ಆಯುಧಗಳನ್ನು ಕಟ್ಟಿಕೊಡಲು ತಿಂಗಳುಗಳೇ ಬೇಕು. ಆತುರದ ಆಟಗಾರನಿಗೆ ಅದನ್ನು ತೀರಿಸಲು ಕೆಲವೇ ದಿನ ಸಾಕು. ಈ ಓಟದಲ್ಲಿ ಕಟ್ಟುವವನು ಆಡುವವನನ್ನು ಎಂದೂ ಹಿಂದೆ ಹಾಕಲಾರನು.

'ಅಲ್ಟಿಮಾ ಆನ್‌ಲೈನ್' ಎಂಬ 1997ರ ಆಟವನ್ನು ರೂಪಿಸಿದವರಲ್ಲಿ ಪ್ರಮುಖನಾದ ರಾಫ್ ಕೋಸ್ಟರ್ ತನ್ನ ಗ್ರಂಥವೊಂದರಲ್ಲಿ ಈ ಬೇಸರದ ಮೂಲವನ್ನು ವಿವರಿಸಿದ್ದಾನೆ. ಅವನ ಅಭಿಪ್ರಾಯದ ಸಾರವಿಷ್ಟು: ಆಟದ ಸಂತೋಷವೆಂದರೆ ಕಲಿಯುವ ಸಂತೋಷ, ಕಲಿಯುವುದು ಮುಗಿದೊಡನೆ ಬೇಸರ ಬರುತ್ತದೆ. ಹಾಗಾದರೆ ಕುರುಗೋಡಿನ ಹುಡುಗನ ಬೇಸರವು ರೋಗವಲ್ಲ, ಸೋಮಾರಿತನವೂ ಅಲ್ಲ. 'ಇಲ್ಲಿ ಕಲಿಯಬೇಕಾದುದನ್ನು ಕಲಿತಾಯಿತು' ಎಂದು ಅವನ ಬುದ್ಧಿಯೇ ಬಾರಿಸಿದ ಗಂಟೆ ಅದು. ಗಂಟೆ ಕೇಳಿದ ಮೇಲೆ ಎತ್ತ ಹೋಗಬೇಕೆಂಬುದು ಅವನಿಗೆ ತಿಳಿಯಲಿಲ್ಲ, ಮನೆಯವರೂ ಹೇಳಲಿಲ್ಲ. ಆದುದರಿಂದಲೇ ಕೈ ಮತ್ತೆ ಅಲ್ಲಿಗೇ ಹೋಯಿತು.

ಇನ್ನೆರಡು ಮನೆಗಳು

ಆ ಗಂಟೆ ಬಾರಿಸಿದ ಇನ್ನೆರಡು ಮನೆಗಳನ್ನು ನಾವು ಕಂಡೆವು. ಒಂದು ಬಳ್ಳಾರಿ ನಗರದಲ್ಲಿ. ಡಿಪ್ಲೊಮಾ ಓದುವ ಮಗನು ರಾತ್ರಿಯೆಲ್ಲ ಆಡಿ ತುದಿಯ ಪದವಿಯನ್ನು ಮುಟ್ಟಿದನಂತೆ. "ಆವತ್ತು ಭಾಳ ಖುಷಿಯಾಗಿದ್ದನ್ರೀ. ಎಂಟು ದಿನಕ್ಕ ಮಂಕಾದ" ಎಂದು ತಾಯಿ ಹೇಳಿದರು. ಮೊದಲಿನ ರೋಮಾಂಚನವನ್ನು ಹುಡುಕುತ್ತ ಅವನು ಹಣ ಕಟ್ಟುವ ಇಸ್ಪೀಟಿನ ಆ್ಯಪ್ ಒಂದಕ್ಕೆ ಇಳಿದನು. ಅಲ್ಲಿ ಬೇಸರವಿರಲಿಲ್ಲ, ಏಕೆಂದರೆ ಅಲ್ಲಿ ಭಯವಿತ್ತು. ಕಾಲೇಜಿನ ಫೀಜಿಗೆಂದು ಕೊಟ್ಟ ಹಣ ಹೋದ ಮೇಲೆಯೇ ಮನೆಗೆ ವಿಷಯ ತಿಳಿದುದು. ತಂದೆಯು ಆ ಹಣವನ್ನು ಜೀನ್ಸ್ ಹೊಲಿದು ಕೂಡಿಸಿದ್ದರು. ಮಗನಿಗೆ ಅವರು ಬೈಯಲಿಲ್ಲವಂತೆ. ಎರಡು ದಿನ ಉಣ್ಣಲಿಲ್ಲವಂತೆ.

ಇಂತಹ ಮನೆಗಳ ಸಂಕಟ ದೇಶದ ತುಂಬ ಹರಡಿದುದರಿಂದಲೇ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಪಣದ ಆಟಗಳನ್ನು ಅದು ನಿಷೇಧಿಸುತ್ತದೆ. ಪಣವಿಲ್ಲದ ಸ್ಪರ್ಧೆಯ ಆಟ, ಮನರಂಜನೆಯ ಆಟಗಳಿಗೆ ಅವಕಾಶ ಕೊಡುತ್ತದೆ. ಕಾಯ್ದೆ ಬಾಗಿಲನ್ನು ಮುಚ್ಚಬಹುದು. ಆದರೆ ಆ ಬಾಗಿಲಿನವರೆಗೆ ಹುಡುಗನನ್ನು ನಡೆಸಿಕೊಂಡು ಹೋದ ಬರಿದುತನವನ್ನು ತುಂಬುವುದು ಕಾಯ್ದೆಯ ಕೆಲಸವಲ್ಲ.

ಇನ್ನೊಂದು ಮನೆ ಸಿರುಗುಪ್ಪದ ಭತ್ತದ ರೈತರದು. ಮಗ ತಂದೆಯೊಡನೆ ಗದ್ದೆಯಲ್ಲಿ ದುಡಿಯುತ್ತಾನೆ. ಕೊಯ್ಲು ಮುಗಿದು ಮುಂದಿನ ನಾಟಿ ಬರುವವರೆಗಿನ ಬಿಡುವಿನಲ್ಲಿ ನಾಲ್ವರು ಗೆಳೆಯರು ಬೇರೆ ಬೇರೆ ಮನೆಗಳಲ್ಲಿ ಕುಳಿತು ಒಂದೇ ತಂಡವಾಗಿ ಆಡುತ್ತಿದ್ದರು. ಒಬ್ಬನು ಕೆಲಸಕ್ಕೆಂದು ಬೆಂಗಳೂರಿಗೆ ಹೋದನು, ಇನ್ನೊಬ್ಬನು ಹೈದರಾಬಾದಿಗೆ; ಮೂರನೆಯವನಿಗೆ ಮದುವೆಯಾಯಿತು. "ಆಟ ಅಲ್ಲೇ ಐತ್ರೀ, ಮಾತಾಡೋರಿಲ್ಲ" ಎಂದನು ಆ ಯುವಕ. ಅವನಿಗೆ ತೀರಿದುದು ಆಟವಲ್ಲ, ಒಡನಾಟ.

ಮಡ್ ಆಟದ ಬಾರ್ಟಲ್ 1996ರಲ್ಲಿ ಬರೆದ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಏನನ್ನಾದರೂ ಸಾಧಿಸಬೇಕೆನ್ನುವವರು, ಹೊಸದನ್ನು ಹುಡುಕಿ ತಿಳಿಯಬೇಕೆನ್ನುವವರು, ಜನರೊಡನೆ ಬೆರೆಯಬೇಕೆನ್ನುವವರು, ಇತರರ ಮೇಲೆ ಕೈಮಾಡಬೇಕೆನ್ನುವವರು. ನಮ್ಮ ಮನೆಗಳಲ್ಲಿ ನಾವು 'ಎಷ್ಟು ಹೊತ್ತು ಆಡಿದೆ?' ಎಂದಷ್ಟೇ ಕೇಳುತ್ತೇವೆ. 'ನಿನಗೆ ಅದರಲ್ಲಿ ಏನು ಸಿಕ್ಕುತ್ತಿತ್ತು, ಈಗ ಏನು ಸಿಕ್ಕುತ್ತಿಲ್ಲ?' ಎಂದು ಕೇಳುವುದಿಲ್ಲ. ಬಳ್ಳಾರಿಯ ಹುಡುಗನಿಗೆ ಬೇಕಾಗಿದ್ದುದು ಸಾಧನೆ, ಸಿರುಗುಪ್ಪದವನಿಗೆ ಗೆಳೆತನ. ಎರಡೂ ಕೆಟ್ಟ ಹಸಿವಲ್ಲ. ಮನೆಯಲ್ಲಿ ಯಾರೂ ಬಡಿಸದಿದ್ದರೆ ಹಸಿದವನು ಸಿಕ್ಕಿದಲ್ಲಿ ಉಣ್ಣುತ್ತಾನೆ.

ಹುಡುಗನ ಪ್ರಶ್ನೆಗೆ

ಈಗ ಕುರುಗೋಡಿನ ಪ್ರಶ್ನೆಗೆ ಬರೋಣ. ದಿನವೂ ಅದೇ ಲಿಂಗಪೂಜೆ. ಅದೇ ವಿಭೂತಿ, ಅದೇ ಬಿಲ್ವಪತ್ರೆ, ಅದೇ ಅಂಗೈ. ಬೇಸರ ಬರುವುದಿಲ್ಲವೆ?

ಮೊದಲಿಗೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ: ಬರುತ್ತದೆ. ಪೂಜೆಯನ್ನು ಲೆಕ್ಕಕ್ಕಾಗಿ ಮಾಡಿದಾಗ, ನಾಲ್ವರು ನೋಡಲೆಂದು ಮಾಡಿದಾಗ, ಅದರಿಂದ ಏನಾದರೂ ದೊರೆಯಲೆಂದು ಮಾಡಿದಾಗ ಅದೂ ಒಂದು ಮೆಟ್ಟಿಲೇರುವ ಆಟವೇ ಆಗುತ್ತದೆ. ಇಷ್ಟು ಸಾವಿರ ಜಪ, ಇಷ್ಟು ವರ್ಷದ ವ್ರತ ಎಂದು ಎಣಿಸುವ ನಮಗೂ ಹುಡುಗನ ಅಂಕಗಳಿಗೂ ಹೆಚ್ಚಿನ ಅಂತರವಿಲ್ಲ. ಅವನ ಪ್ರಶ್ನೆಯು ನಮ್ಮ ಎದೆಗೇ ತಾಗಬೇಕಾದುದು.

ಆದರೆ ಶರಣರು ತೋರಿದ ಮಾರ್ಗದಲ್ಲಿ ಬೇರೊಂದು ಕ್ರಮವಿದೆ. ಷಟ್‌ಸ್ಥಲದಲ್ಲಿಯೂ ಆರು ಮೆಟ್ಟಿಲುಗಳಿವೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಆಟದ ಏಣಿಯ ತುದಿಯಲ್ಲಿ ಉಳಿದವರನ್ನೆಲ್ಲ ಸೋಲಿಸಿದ 'ನಾನು' ನಿಂತಿರುತ್ತೇನೆ. ಷಟ್‌ಸ್ಥಲದ ತುದಿಯಲ್ಲಿ ಆ 'ನಾನು' ಎಂಬುದೇ ಕರಗಿರುತ್ತದೆ. ಅಲ್ಲಿ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ಏರಿದವನನ್ನು ಯಾವ ಸೀಸನ್ನೂ ಕೆಳಗಿಳಿಸುವುದಿಲ್ಲ.

ಇದು ಹದಿನೇಳು ವರ್ಷದ ಹುಡುಗನಿಗೆ ದೂರದ ಮಾತು. ಅವನಿಗೆ ಹತ್ತಿರವಾದ ಮಾತು ಆಯ್ದಕ್ಕಿ ಮಾರಯ್ಯನವರ ಕಥೆಯಲ್ಲಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವುದು ಅವರ ಕಾಯಕ. ಆಟದ ದ್ವೀಪದಲ್ಲಿ ಬಿದ್ದುದನ್ನು ಆಯ್ದುಕೊಳ್ಳುವ ಹುಡುಗನಿಗೆ ಈ ಕೆಲಸ ಅಪರಿಚಿತವೇನಲ್ಲ! ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದರು. ಅಂದಿನ ದಾಸೋಹಕ್ಕೆ ಬೇಕಾದಷ್ಟು ಸಾಕು.

ಈ 'ಸಾಕು' ಎಂಬ ಮಾತನ್ನು ಮೊಬೈಲಿನ ಆಟ ಎಂದೂ ಆಡುವುದಿಲ್ಲ, ಆಡಿದರೆ ಅದರ ವ್ಯಾಪಾರ ನಿಲ್ಲುತ್ತದೆ. ಆದರೆ ಗಮನಿಸಿರಿ: ದಿನವೂ 'ಸಾಕು' ಎಂದ ಆ ದಂಪತಿಗಳ ಕಾಯಕ ಮಾತ್ರ ತೀರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಬೀದಿ, ಅದೇ ಅಕ್ಕಿ. ಅದು ಹಳತಾಗಲಿಲ್ಲವೇಕೆ? ಏಕೆಂದರೆ ಅಂದು ಉಣ್ಣಲು ಬರುವವರ ಹಸಿವು ಹೊಸದು. ತನಗಾಗಿ ಕೂಡಿಸುವುದಕ್ಕೆ ಒಂದು ತುದಿಯುಂಟು, ತುದಿಯಲ್ಲಿ ಬೇಸರವುಂಟು. ಇನ್ನೊಬ್ಬರಿಗಾಗಿ ಮಾಡುವುದಕ್ಕೆ ತುದಿಯಿಲ್ಲ. ಸಿರುಗುಪ್ಪದ ರೈತ ಪ್ರತಿ ವರ್ಷವೂ ಅದೇ ಗದ್ದೆಯಲ್ಲಿ ಅದೇ ಭತ್ತವನ್ನು ನೆಡುತ್ತಾನೆ; ಮಾಡಲು ಏನೂ ಉಳಿದಿಲ್ಲವೆಂದು ಅವನ ಬಾಯಿಂದ ನಾವು ಕೇಳಿಲ್ಲ. ಎಸೆಕ್ಸಿನ ವಿದ್ಯಾರ್ಥಿಗಳೂ ತಮ್ಮ ಪುಟ್ಟ ಆಟದಲ್ಲಿ ಈ ದಾರಿಯ ಅಂಚನ್ನು ಮುಟ್ಟಿದ್ದರೆಂದೇ ನಮಗೆ ತೋರುತ್ತದೆ: ಗಳಿಸಿ ಮುಗಿಸಿದವನಿಗೆ ಇತರರ ಹೊಣೆಯನ್ನು ಕೊಡು.

ಮನೆಯವರು ಮಾಡಬಹುದಾದುದು

ಮಗನೋ ಮಗಳೋ 'ಬೇಸರವಾಯಿತು' ಎಂದು ಮೊಬೈಲ್ ಕೆಳಗಿಟ್ಟ ಗಳಿಗೆ ಮನೆಗೆ ದೊರೆತ ಒಂದು ಶುಭ ಗಳಿಗೆ. ಅಂದು 'ನಾನು ಮೊದಲೇ ಹೇಳಿರಲಿಲ್ಲವೆ?' ಎಂದು ಹಂಗಿಸಬೇಡಿರಿ. 'ಓದಿಕೋ' ಎಂಬ ಒಂದೇ ಮಾತನ್ನೂ ಎಸೆಯಬೇಡಿರಿ. ಏನು ತೀರಿತೆಂದು ಕೇಳಿರಿ. ಸಾಧನೆಯನ್ನು ಬಯಸುವವನಿಗೆ ಕಷ್ಟವಾದ ಕೆಲಸವೊಂದನ್ನು ಕೊಡಿರಿ, ತಪ್ಪು ಮಾಡಲೂ ಬಿಡಿರಿ. ಜನರನ್ನು ಬಯಸುವವನಿಗೆ ಮನೆಯ ಬಾಗಿಲನ್ನು ಗೆಳೆಯರಿಗೆ ತೆರೆಯಿರಿ. ಹುಡುಕುವ ಸ್ವಭಾವದವನು ಕುರುಗೋಡಿನ ಹಳೆಯ ಗುಡಿಗಳನ್ನು, ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯನ್ನು ನೋಡಿ ಬರಲಿ. ಅವು ಒಂದು ದಿನದಲ್ಲಿ ತೀರುವ ನಕಾಶೆಗಳಲ್ಲ. ಹಿರಿಯರಾದ ನಾವು ಊಟದ ಹೊತ್ತಿನಲ್ಲಾದರೂ ನಮ್ಮ ಮೊಬೈಲನ್ನು ದೂರವಿಡೋಣ. ಇಲ್ಲದಿದ್ದರೆ ಮೇಲಿನ ಮಾತುಗಳಿಗೆ ಬೆಲೆಯಿಲ್ಲ.

ಆಡುವ ಮಕ್ಕಳೆಲ್ಲ ರೋಗಿಗಳಲ್ಲ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರ ಜನವರಿ 1ರಿಂದ ಆಟದ ವ್ಯಸನಕ್ಕೆ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಯುವುದು, ಇವು ಸಾಮಾನ್ಯವಾಗಿ ವರ್ಷದಷ್ಟು ಕಾಲ ಇದ್ದು ಬದುಕನ್ನು ಕೆಡಿಸಿದಾಗ ಮಾತ್ರ ಅದನ್ನು ವ್ಯಸನವೆನ್ನುತ್ತಾರೆ. ಬೇಸರವಾದರೂ ಬಿಡಲಾಗದೆ ನಿದ್ರೆ, ಊಟ, ಓದು ಕೆಡುತ್ತಿದ್ದರೆ ನಾಚಿಕೆಪಡದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯವಿದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು. ಬಳ್ಳಾರಿಯ ಆ ತಾಯಿಗೂ ನಾವು ಇದನ್ನೇ ಬರೆದುಕೊಟ್ಟು ಬಂದೆವು.

ಜಾತ್ರೆಯ ಮಧ್ಯಾಹ್ನ

ಕೆಲವು ತಿಂಗಳ ಮೇಲೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆ ಬಂದಿತು. ಆ ಮಹಾ ಏಕಶಿಲಾ ಬಸವನ ದರ್ಶನ ಮಾಡಿಕೊಂಡು ಹೊರಬಂದಾಗ ಪ್ರಸಾದದ ಪಂಕ್ತಿಯಲ್ಲಿ ನಮಗೆ ಆ ಹುಡುಗನು ಕಾಣಿಸಿದನು. ಅಜ್ಜನವರು ಅವನಿಗೆ ನೀರು ಬಡಿಸುವ ಕೆಲಸವನ್ನು ಹಚ್ಚಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ಅಂಗಿಯ ಜೇಬಿನಲ್ಲಿ ಮೊಬೈಲೂ ಇದ್ದಿತು. ಅವನು ಆಟವನ್ನು ಬಿಟ್ಟನೆಂದು ನಾವು ಹೇಳುತ್ತಿಲ್ಲ. ಬಿಟ್ಟಿಲ್ಲವೆಂದು ಅವನೇ ನಕ್ಕು ಹೇಳಿದನು.

"ಬ್ಯಾಸರಾತೇನೋ?" ಎಂದು ಕೇಳಿದೆವು. "ಎಲ್ಲೀದ್ರೀ, ಒಂದು ಪಂಕ್ತಿ ಏಳೂದ್ರಾಗ ಇನ್ನೊಂದು ಕುಂದ್ರತಾರ, ಪುರುಸೊತ್ತಿಲ್ಲ" ಎನ್ನುತ್ತ ಕೊಡವನ್ನು ತುಂಬಿಕೊಳ್ಳಲು ಓಡಿದನು. ಪಡಸಾಲೆಯಲ್ಲಿ ತಾನು ಕೇಳಿದ್ದ ಪ್ರಶ್ನೆ ಅವನಿಗೆ ನೆನಪಿತ್ತೋ ಇಲ್ಲವೋ. ದೂರದಲ್ಲಿ ಕುಳಿತಿದ್ದ ಅಜ್ಜನವರಿಗೆ ನೆನಪಿತ್ತು. ಅವರು ನಮ್ಮ ಕಡೆಗೆ ನೋಡಿ, ಮಾತಿಲ್ಲದೆ ಕೈಮುಗಿದರು.